ಅಂದದ ಚಿಕಿತ್ಸೆಗೆ ಚರ್ಮ ತಿರುಗಿಬಿದ್ದಾಗ

ಮುಖದ ಅಂದಕ್ಕಾಗಿ ಮಾಡುವ ಚಿಕಿತ್ಸೆಗಳ ಹೆಸರು ಹತ್ತಾರು. ಅವು ಚರ್ಮದ ಮೇಲೆ ಕೆಲಸ ಮಾಡುವ ಬಗೆ ಮಾತ್ರ ಕೆಲವೇ. ಫಿಲ್ಲರ್ ಚರ್ಮದಡಿ ಜೆಲ್ ತುಂಬಿ ಗೆರೆ, ಗುಳಿಗಳನ್ನು ಮೇಲೆತ್ತುತ್ತದೆ. ಕೆಮಿಕಲ್ ಪೀಲ್ ಆಮ್ಲದಿಂದ ಮೇಲ್ಪದರವನ್ನು ಸುಲಿಯುತ್ತದೆ. ಲೇಸರ್ ಬೆಳಕು ಚರ್ಮದೊಳಗೆ ಶಾಖವಾಗಿ ಮಾರ್ಪಟ್ಟು ಕಲೆಯನ್ನೋ ಕೂದಲಿನ ಬುಡವನ್ನೋ ಸುಡುತ್ತದೆ. ಮೈಕ್ರೋನೀಡ್ಲಿಂಗ್ ಸಣ್ಣ ಸೂಜಿಗಳಿಂದ ಅಸಂಖ್ಯ ರಂಧ್ರಗಳನ್ನು ಮಾಡಿ ಹೊಸ ಕೊಲಾಜೆನ್ ಹುಟ್ಟುವಂತೆ ಪ್ರಚೋದಿಸುತ್ತದೆ. ಹೀಗೆ ಬಹುಪಾಲು ಚಿಕಿತ್ಸೆಗಳು ಅಳೆದು ಮಾಡಿದ ಗಾಯಗಳೇ. ಆ ಗಾಯ ಮಾಯುವ ಹಾದಿಯಲ್ಲಿ ಬರಬೇಕಾದದ್ದು ಅಂದ.

ಇಂಥ ಗಾಯದ ನಂತರ ಮುಖ ಕೆಂಪೇರುವುದು, ಊದಿಕೊಳ್ಳುವುದು, ಉರಿಯುವುದು, ಸಿಪ್ಪೆ ಏಳುವುದು ಸಹಜ. ಮೇಲ್ಮೈ ಚಿಕಿತ್ಸೆಗಳಲ್ಲಿ ಇವು ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತವೆ. ಕೆಲವೇ ಕೆಲವರಲ್ಲಿ ಚರ್ಮ ಬೇರೆ ದಾರಿ ಹಿಡಿಯುತ್ತದೆ. ಆ ಅಪರೂಪದ ತೊಡಕುಗಳನ್ನು ಗುರುತಿಸಲು ಎರಡು ಸುಳಿವುಗಳು ನೆರವಾಗುತ್ತವೆ. ಒಂದು, ತೊಡಕು ಕಾಣಿಸಿಕೊಂಡ ಕಾಲ: ನಿಮಿಷಗಳಲ್ಲಿ ಬಂದದ್ದಕ್ಕೂ ತಿಂಗಳುಗಳ ಮೇಲೆ ಬಂದದ್ದಕ್ಕೂ ಕಾರಣ ಒಂದೇ ಆಗಿರುವುದಿಲ್ಲ. ಇನ್ನೊಂದು, ಆ ವ್ಯಕ್ತಿಯ ಹಿನ್ನೆಲೆ: ಹಿಂದೆ ನುಂಗಿದ ಔಷಧ, ದೇಹದಲ್ಲಿ ಅಡಗಿರುವ ವೈರಾಣು, ಮನೆತನದ ಚರ್ಮರೋಗ, ಮೈಬಣ್ಣ.

ನಿಮಿಷಗಳಲ್ಲಿ: ರಕ್ತನಾಳ ಕಟ್ಟಿದಾಗ

ಇಂದು ಹೆಚ್ಚು ಬಳಕೆಯಲ್ಲಿರುವ ಫಿಲ್ಲರ್‌ಗಳ ಮೂಲವಸ್ತು ಹಯಲುರಾನಿಕ್ ಆಮ್ಲ. ನೀರನ್ನು ಹಿಡಿದಿಡುವ ಈ ವಸ್ತು ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನಲ್ಲಿ ಸಹಜವಾಗಿಯೇ ಇದೆ. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇಂಥ ಮೊದಲ ಫಿಲ್ಲರ್‌ಗೆ ಒಪ್ಪಿಗೆ ನೀಡಿದ್ದು 2003ರ ಡಿಸೆಂಬರ್‌ನಲ್ಲಿ. ದೇಹಕ್ಕೆ ಪರಿಚಿತ ವಸ್ತುವಾದ್ದರಿಂದ ಅಲರ್ಜಿ ಕಡಿಮೆ. ಅಪಾಯವಿರುವುದು ಜೆಲ್ ಹೋಗಿ ಸೇರುವ ಜಾಗದಲ್ಲಿ.

ಮುಖದ ಅಪಧಮನಿಗಳು ಎರಡು ಮೂಲಗಳಿಂದ ಬರುತ್ತವೆ. ಕೆನ್ನೆ, ತುಟಿಗಳಿಗೆ ರಕ್ತ ಒಯ್ಯುವ ನಾಳ ಒಂದು ಕಡೆಯಿಂದ ಏರಿದರೆ, ಹಣೆ ಮತ್ತು ಮೂಗಿನ ಮೇಲ್ಭಾಗಕ್ಕೆ ರಕ್ತ ಕೊಡುವ ನಾಳಗಳು ಕಣ್ಣಿನ ಅಪಧಮನಿಯಿಂದ ಹೊರಬರುತ್ತವೆ. ಮೂಗಿನ ಪಕ್ಕ ಮತ್ತು ಕಣ್ಣಿನ ಒಳಮೂಲೆಯಲ್ಲಿ ಇವೆರಡೂ ಕೂಡಿಕೊಳ್ಳುತ್ತವೆ. ಸೂಜಿಯ ತುದಿ ಅರಿಯದೆ ನಾಳದೊಳಗೆ ಹೊಕ್ಕು, ಸಿರಿಂಜನ್ನು ಒತ್ತಿದ ಬಲ ರಕ್ತದೊತ್ತಡವನ್ನು ಮೀರಿದರೆ ಜೆಲ್ ಹರಿವಿಗೆ ಎದುರಾಗಿ ಹಿಂದಕ್ಕೆ ಸಾಗುತ್ತದೆ. ಒತ್ತುವುದು ನಿಂತೊಡನೆ ರಕ್ತ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಆಗ ಅದು ಅಕ್ಷಿಪಟಲದ ನಾಳವನ್ನೇ ಸೇರಬಹುದು. ಫಿಲ್ಲರ್‌ನಿಂದ ದೃಷ್ಟಿ ಹೋದ ಪ್ರಕರಣಗಳ ಬಗ್ಗೆ 2015ರಲ್ಲಿ ಪ್ರಕಟವಾದ ಸಮೀಕ್ಷೆ ಅಲ್ಲಿಯವರೆಗೆ ಜಗತ್ತಿನಾದ್ಯಂತ ವರದಿಯಾಗಿದ್ದ 98 ಪ್ರಕರಣಗಳನ್ನು ಕಲೆಹಾಕಿತು. ಅದೇ ತಂಡ 2019ರಲ್ಲಿ ಇನ್ನೂ 48ನ್ನು ಸೇರಿಸಿತು. ಹುಬ್ಬುಗಳ ನಡುವಣ ಜಾಗ ಮತ್ತು ಮೂಗು ಎರಡೂ ಪಟ್ಟಿಗಳಲ್ಲಿ ಮುಂದಿದ್ದವು. ಚುಚ್ಚುವ ಸಿರಿಂಜ್‌ಗಳ ಸಂಖ್ಯೆಗೆ ಹೋಲಿಸಿದರೆ ಇದು ತೀರ ಸಣ್ಣ ಲೆಕ್ಕ. ಆದರೆ ಅಕ್ಷಿಪಟಲ ರಕ್ತವಿಲ್ಲದೆ ತಾಳುವುದು ಹೆಚ್ಚೆಂದರೆ ಒಂದೂವರೆ ಗಂಟೆಯಾದ್ದರಿಂದ ಹೋದ ದೃಷ್ಟಿ ಮರಳುವುದು ವಿರಳ.

ಚರ್ಮದ ನಾಳವಷ್ಟೇ ಕಟ್ಟಿದರೆ ಕಾಲಾವಕಾಶ ಸ್ವಲ್ಪ ಹೆಚ್ಚು ಸಿಗುತ್ತದೆ. ಚುಚ್ಚಿದ ಕೂಡಲೇ ಆ ಭಾಗ ಬಿಳಿಚಿಕೊಳ್ಳುತ್ತದೆ. ನಂತರ ಬಲೆಯ ಹೆಣಿಗೆಯಂಥ ನೇರಳೆ ಬಣ್ಣ ಹರಡುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಮರಳಬೇಕಾದ ಕೆಂಪು ತಡವಾಗಿ ಮರಳುತ್ತದೆ. ನೋವು ಮುಖ್ಯ ಲಕ್ಷಣವಾದರೂ ಹಲವು ಫಿಲ್ಲರ್‌ಗಳಲ್ಲಿ ನೋವು ಮರೆಸುವ ಲಿಡೊಕೇನ್ ಬೆರೆಸಿರುವುದರಿಂದ ಅದು ಮೊದಲ ಗಂಟೆಗಳಲ್ಲಿ ತೋರದಿರಬಹುದು. ಎರಡು ಮೂರು ದಿನಗಳಲ್ಲಿ ಅಲ್ಲಿ ಕೀವಿನ ಸಣ್ಣ ಗುಳ್ಳೆಗಳೇಳುತ್ತವೆ. ಅವನ್ನು ಮೊಡವೆ ಎಂದೋ ಹರ್ಪಿಸ್ ಎಂದೋ ತಪ್ಪಾಗಿ ತಿಳಿದು ದಿನ ಕಳೆದರೆ ಚರ್ಮ ಕಪ್ಪಾಗಿ ಸಾಯುತ್ತದೆ, ಆಳವಾದ ಕಲೆ ಉಳಿಯುತ್ತದೆ.

ಇದಕ್ಕೆ ಮದ್ದು ಹಯಲುರಾನಿಡೇಸ್ ಎಂಬ ಕಿಣ್ವ. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ಬೇಗ ಹರಡಲೆಂದು ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಈ ಕಿಣ್ವ ಹಯಲುರಾನಿಕ್ ಆಮ್ಲವನ್ನು ಒಡೆದು ಕರಗಿಸುತ್ತದೆ. ಮೊದಲ ಗಂಟೆಗಳಲ್ಲೇ ಸಾಕಷ್ಟು ಪ್ರಮಾಣದಲ್ಲಿ, ಬೇಕಾದರೆ ಪದೇಪದೇ ಚುಚ್ಚಿದರೆ ಚರ್ಮ ಉಳಿಯುವ ಸಾಧ್ಯತೆ ಹೆಚ್ಚು. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಪಿಎಂಎಂಎ, ದೇಹದ ಇನ್ನೊಂದು ಭಾಗದಿಂದ ತೆಗೆದ ಕೊಬ್ಬು ಮುಂತಾದ ಬೇರೆ ಫಿಲ್ಲರ್‌ಗಳನ್ನು ಈ ಕಿಣ್ವ ಕರಗಿಸಲಾರದು. ಆದ್ದರಿಂದ ಯಾವ ವಸ್ತು ತುಂಬಲಾಗಿದೆ ಎಂಬುದು ತೊಡಕಿನ ಹೊತ್ತಿನಲ್ಲಿ ಎದ್ದುನಿಲ್ಲುವ ಮೊದಲ ಪ್ರಶ್ನೆ. ಸೂಜಿಯಿಲ್ಲದೆ ಗಾಳಿಯ ಒತ್ತಡದಿಂದ ಫಿಲ್ಲರ್ ನುಗ್ಗಿಸುವ ‘ಹಯಲುರಾನ್ ಪೆನ್’ಗಳನ್ನು ಬಳಸಬಾರದೆಂದು ಎಫ್‌ಡಿಎ 2021ರಲ್ಲಿ ಎಚ್ಚರಿಸಿತು. ಜೆಲ್ ಎಷ್ಟು ಆಳಕ್ಕೆ, ಎಲ್ಲಿಗೆ ಹೋಗುತ್ತದೆ ಎಂಬುದು ಅವುಗಳಲ್ಲಿ ಬಳಸುವವರ ಹಿಡಿತದಲ್ಲಿರುವುದಿಲ್ಲ.

ದಿನಗಳಲ್ಲಿ: ಸುಟ್ಟಗಾಯ ಮತ್ತು ಹರ್ಪಿಸ್

ಕೆಮಿಕಲ್ ಪೀಲ್ ಎಷ್ಟು ಆಳಕ್ಕಿಳಿಯುತ್ತದೆ ಎಂಬುದನ್ನು ಆಮ್ಲದ ಬಗೆ, ಸಾಂದ್ರತೆ, ಬಳಿದ ಪದರಗಳು ಮತ್ತು ಚರ್ಮದ ಆಗಿನ ಸ್ಥಿತಿ ಸೇರಿ ನಿರ್ಧರಿಸುತ್ತವೆ. ಗ್ಲೈಕಾಲಿಕ್ ಆಮ್ಲವನ್ನು ನಿಗದಿತ ನಿಮಿಷಗಳಾದ ಮೇಲೆ ಕ್ಷಾರದಿಂದ ಶಮನಗೊಳಿಸಬೇಕು ಅಥವಾ ನೀರಿನಿಂದ ತೊಳೆಯಬೇಕು. ಮರೆತರೆ ಅದು ಒಳಕ್ಕಿಳಿಯುತ್ತಲೇ ಇರುತ್ತದೆ. ಟಿಸಿಎ ಎಂಬ ಆಮ್ಲ ಚರ್ಮದ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಬಿಳುಪು ಮೂಡಿಸುತ್ತದೆ. ಆ ಬಿಳುಪಿನ ದಟ್ಟಣೆ ನೋಡಿ ವೈದ್ಯರು ಆಳವನ್ನು ಅಂದಾಜಿಸುತ್ತಾರೆ. ಫೀನಾಲ್ ಪೀಲ್ ಇನ್ನೂ ಆಳದ್ದು. ಅದು ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೇ ತಪ್ಪಿಸಬಲ್ಲದಾದ್ದರಿಂದ ಇಸಿಜಿ ನಿಗಾ ಇಲ್ಲದೆ ಮಾಡುವಂತಿಲ್ಲ.

ಮೊಡವೆಗೆ ಹಚ್ಚುವ ಟ್ರೆಟಿನಾಯಿನ್, ಅಡಾಪಲೀನ್ ಮುಲಾಮುಗಳು ಚರ್ಮದ ಮೇಲ್ಪದರವನ್ನು ತೆಳುವಾಗಿಸುತ್ತವೆ. ಅಂಥ ಮುಖಕ್ಕೆ ಮಾಮೂಲಿ ಪೀಲ್ ಕೂಡ ಅತಿಯಾಗಿ ಇಳಿಯುತ್ತದೆ. ಪಾರ್ಲರಿನಲ್ಲಿ ವ್ಯಾಕ್ಸ್ ಎಳೆದರೆ ಕೂದಲಿನ ಜೊತೆ ಚರ್ಮವೂ ಕಿತ್ತುಬರುತ್ತದೆ. ಬೆಳ್ಳಗಾಗುವ ಆಸೆಯಿಂದ ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಳ್ಳುವ ಅಭ್ಯಾಸ ಭಾರತದಲ್ಲಿ ವ್ಯಾಪಕ. ಅದರಿಂದ ತೆಳುವಾಗಿ, ಕೆಂಪು ನಾಳಗಳು ಕಾಣುವಂತಾದ ಮುಖವೂ ಹೀಗೆಯೇ ಬೇಗ ಸುಡುತ್ತದೆ. ಇಂಥ ಹಲವು ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಚೀಟಿ ಇದ್ದರಷ್ಟೇ ಮಾರಬೇಕಾದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಪ್ರಬಲ ಪೀಲ್‌ಗಳನ್ನು ಆನ್‌ಲೈನಿನಲ್ಲಿ ಕೊಂಡು ಮನೆಯಲ್ಲೇ ಬಳಸಬಾರದೆಂದು ಎಫ್‌ಡಿಎ 2024ರಲ್ಲಿ ಎಚ್ಚರಿಕೆ ಹೊರಡಿಸಿತು.

ಪೀಲ್ ಅಥವಾ ಲೇಸರ್ ಆದ ಮೊದಲ ವಾರದಲ್ಲಿ ನೋವು ಇಳಿಯುವ ಬದಲು ಏರಿದರೆ ಹರ್ಪಿಸ್ ಸಿಂಪ್ಲೆಕ್ಸ್ ವೈರಾಣುವನ್ನು ಶಂಕಿಸಬೇಕಾಗುತ್ತದೆ. ಬಾಲ್ಯದಲ್ಲೋ ನಂತರವೋ ಒಮ್ಮೆ ದೇಹ ಸೇರಿದ ಈ ವೈರಾಣು ಮುಖದ ನರಗಳ ಗಂಟಿನಲ್ಲಿ ಬದುಕಿನುದ್ದಕ್ಕೂ ತಂಗಿರುತ್ತದೆ. ಕೆಲವರಲ್ಲಿ ಆಗಾಗ ತುಟಿಯಂಚಿನ ನೀರುಗುಳ್ಳೆಯಾಗಿ ಕಾಣಿಸಿಕೊಂಡರೆ, ಹಲವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಚಿಕಿತ್ಸೆಯ ಗಾಯ ಅದನ್ನು ಎಬ್ಬಿಸುತ್ತದೆ. ಮೇಲ್ಪದರವೇ ಇಲ್ಲದ ಹಸಿ ಚರ್ಮದಲ್ಲಿ ಗುಳ್ಳೆಯ ಆಕಾರ ಮೂಡದೆ ಬರೀ ಹುಣ್ಣುಗಳಷ್ಟೇ ಕಾಣುವುದರಿಂದ ಗುರುತಿಸುವುದು ಕಷ್ಟ. ತಡವಾದರೆ ಅದು ಮುಖವಿಡೀ ಹರಡಿ ಗುಳಿಕಲೆ ಬಿಡುತ್ತದೆ. ಆಳದ ಪೀಲ್ ಅಥವಾ ಇಡೀ ಮುಖದ ಲೇಸರ್‌ಗೆ ಮೊದಲೇ ವೈರಾಣು ತಡೆಯುವ ಮಾತ್ರೆ ಶುರುಮಾಡಿ ಹೊಸ ಚರ್ಮ ಮುಚ್ಚುವವರೆಗೆ ಮುಂದುವರಿಸುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ.

ವಾರಗಳ ಮೇಲೆ: ಮಾಯದ ಗಂಟುಗಳು

ಎರಡು ವಾರದಿಂದ ಎರಡು ಮೂರು ತಿಂಗಳ ನಡುವೆ, ಚುಚ್ಚಿದ ಜಾಗದಲ್ಲೆಲ್ಲ ಕೆಂಪು-ನೇರಳೆ ಗಂಟುಗಳೆದ್ದು ಕೀವು ಸೋರಿದರೆ, ಮಾಮೂಲಿ ಆಂಟಿಬಯೋಟಿಕ್‌ಗೆ ಅವು ಬಗ್ಗದಿದ್ದರೆ, ಕಾರಣ ಕ್ಷಯದ ರೋಗಾಣುವಿನ ದೂರದ ನೆಂಟರಾಗಿರಬಹುದು. ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್, ಕಿಲೋನೆ, ಫಾರ್ಟುಯಿಟಮ್ ಎಂಬ ಇವು ಮಣ್ಣಿನಲ್ಲಿ, ನಲ್ಲಿನೀರಿನಲ್ಲಿ ಬದುಕುತ್ತವೆ. ಕ್ಲೋರಿನ್ನಿಗೂ ಸುಲಭಕ್ಕೆ ಜಗ್ಗುವುದಿಲ್ಲ. ನಲ್ಲಿನೀರಿನಲ್ಲಿ ತೊಳೆದ ಸಲಕರಣೆ, ಸರಿಯಾಗಿ ಕುದಿಸದ ಸೂಜಿ, ನೀರು ಬೆರೆಸಿ ತೆಳುಗೊಳಿಸಿದ ಸೋಂಕುನಾಶಕ, ಶುದ್ಧತೆಯ ಖಾತ್ರಿಯಿಲ್ಲದ ದ್ರಾವಣಗಳ ಮೂಲಕ ಇವು ಚರ್ಮದೊಳಗೆ ಸೇರುತ್ತವೆ. ಕೀವನ್ನು ಮಾಮೂಲಿ ಕಲ್ಚರ್‌ಗೆ ಕಳಿಸಿದರೆ ಏನೂ ಬೆಳೆಯದೆ ‘ಸೋಂಕಿಲ್ಲ’ ಎಂಬ ವರದಿ ಬರಬಹುದು. ಈ ರೋಗಾಣುಗಳನ್ನೇ ಹುಡುಕುವ ಪ್ರತ್ಯೇಕ ಕಲ್ಚರ್ ಬೇಕು. ಭಾರತದಲ್ಲಿ ಇದನ್ನು ಚರ್ಮದ ಕ್ಷಯವೆಂದು ತಿಳಿಯುವ ಸಾಧ್ಯತೆಯಿದೆ. ಆದರೆ ಅಬ್ಸೆಸಸ್, ಕಿಲೋನೆಗಳು ಕ್ಷಯದ ಮಾಮೂಲಿ ಮಾತ್ರೆಗಳಿಗೆ ಮಣಿಯುವುದಿಲ್ಲ. ಕ್ಲಾರಿಥ್ರೊಮೈಸಿನ್, ಅಮಿಕಾಸಿನ್ ಮುಂತಾದವನ್ನು ಜೊತೆಗೂಡಿಸಿ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ.

ಸೋಂಕೇ ಇಲ್ಲದ ಗಂಟುಗಳೂ ಉಂಟು. ಮೈಕ್ರೋನೀಡ್ಲಿಂಗ್ ವೇಳೆ ಚರ್ಮಕ್ಕೆ ಹಚ್ಚುವ ಸೀರಮ್‌ನಂಥ ಉತ್ಪನ್ನಗಳನ್ನು ಬಳಸಿದ ನಂತರ ಮುಖದಲ್ಲಿ ಗ್ರ್ಯಾನುಲೋಮ ಎಂಬ ಗಂಟುಗಳೆದ್ದ ಮೂವರು ಮಹಿಳೆಯರ ವರದಿ 2014ರಲ್ಲಿ ಅಮೆರಿಕದ ಚರ್ಮವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಚರ್ಮದ ಮೇಲೆ ಹಚ್ಚಲು ತಯಾರಾದ ಸೀರಮ್ಮಿನಲ್ಲಿ ಸುವಾಸನೆ, ಸಂರಕ್ಷಕಗಳಿರುತ್ತವೆ. ಮೇಲ್ಪದರದ ತಡೆಗೋಡೆ ದಾಟಿ ಒಳಗೆ ಹೊಕ್ಕಾಗ ರೋಗನಿರೋಧಕ ಕಣಗಳು ಅವನ್ನು ಪರಕೀಯವೆಂದು ಸುತ್ತುಗಟ್ಟುತ್ತವೆ.

ಸೂಜಿಯ ಶುಚಿತ್ವ ತಪ್ಪಿದರೆ ಅಪಾಯ ಚರ್ಮಕ್ಕೇ ನಿಲ್ಲುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಪರವಾನಗಿಯಿಲ್ಲದ ಸ್ಪಾ ಒಂದರಲ್ಲಿ 2018ರಲ್ಲಿ ‘ವ್ಯಾಂಪೈರ್ ಫೇಶಿಯಲ್’, ಅಂದರೆ ಸ್ವಂತ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ಬಳಸುವ ಮೈಕ್ರೋನೀಡ್ಲಿಂಗ್, ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗಲಿದ್ದನ್ನು ಆ ದೇಶದ ರೋಗ ನಿಯಂತ್ರಣ ಕೇಂದ್ರ 2024ರ ಏಪ್ರಿಲ್‌ನಲ್ಲಿ ವರದಿ ಮಾಡಿತು.

ತಿಂಗಳುಗಳಲ್ಲಿ: ಬಣ್ಣ ಮತ್ತು ಕೂದಲಿನ ವಿಪರೀತಗಳು

ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಹುಟ್ಟುಹಾಕಿದ ಮಾಪನ ಬಿಸಿಲಿಗೆ ಚರ್ಮ ಕೆಂಪಾಗುತ್ತದೋ ಕಪ್ಪಾಗುತ್ತದೋ ಎಂಬುದನ್ನು ನೋಡಿ ವರ್ಗ ಮಾಡುತ್ತದೆ. ಈಗ ಅದರಲ್ಲಿ ಆರು ವರ್ಗಗಳಿವೆ. ಬಹುಪಾಲು ಭಾರತೀಯರು 3ರಿಂದ 5ರೊಳಗೆ ಬರುತ್ತಾರೆ. ಈ ಚರ್ಮದಲ್ಲಿ ಮೆಲನಿನ್ ತಯಾರಿಸುವ ಕೋಶಗಳು ಚುರುಕು. ಯಾವ ಗಾಯವಾದರೂ ಅವು ಬಣ್ಣ ಸುರಿಯುತ್ತವೆ. ಹೀಗಾಗಿ ಚಿಕಿತ್ಸೆಯ ನಂತರ ಮುಖ ಕಪ್ಪಿಡುವುದು ಇಲ್ಲಿ ಅಪರೂಪವೇನಲ್ಲ, ಮತ್ತು ಅದು ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಅಪರೂಪದವು ಇದರಾಚೆಗಿನವು.

ಬಂಗು ಎಂಬ ಮುಖದ ಕಂದು ಕಲೆಗೆ ಮಾಡುವ ‘ಲೇಸರ್ ಟೋನಿಂಗ್’ನಿಂದ ಆಗುವುದು ಅಂಥದೊಂದು. ಸಣ್ಣ ಶಕ್ತಿಯ ಲೇಸರನ್ನು ವಾರವಾರವೂ ಹಾಯಿಸಿದಾಗ ಕೆಲವರಲ್ಲಿ ಕಂದು ಬಣ್ಣದ ನಡುವೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಗಳು ಚೆಲ್ಲಿದಂತೆ ಮೂಡುತ್ತವೆ. ಬಣ್ಣದ ಕೋಶಗಳಿಗೆ ಮತ್ತೆಮತ್ತೆ ತಗಲಿದ ಏಟು ಕೂಡಿ ಆದದ್ದಿದು. ಅಂತರವಿಲ್ಲದೆ ಸುತ್ತುಗಳು ಹೆಚ್ಚಿದಷ್ಟೂ ಸಾಧ್ಯತೆ ಹೆಚ್ಚು. ಕೆಲವು ಚುಕ್ಕೆಗಳು ಶಾಶ್ವತವಾಗಿ ಉಳಿಯುತ್ತವೆ.

ಇನ್ನೊಂದು, ಸಂಧಿವಾತಕ್ಕೆ ಒಂದು ಕಾಲದಲ್ಲಿ ಕೊಡುತ್ತಿದ್ದ ಚಿನ್ನದ ಲವಣದ ಚುಚ್ಚುಮದ್ದಿಗೆ ಸಂಬಂಧಿಸಿದ್ದು. ಆ ಚಿನ್ನ ದಶಕಗಳವರೆಗೆ ಚರ್ಮದಲ್ಲಿ ಕಣ್ಣಿಗೆ ಕಾಣದಂತೆ ಉಳಿದಿರುತ್ತದೆ. ಕಲೆ ತೆಗೆಯುವ ಕ್ಯೂ-ಸ್ವಿಚ್ಡ್ ಲೇಸರ್ ತಗಲಿದ ಕ್ಷಣದಲ್ಲಿ ಅದರ ಕಣಗಳ ರೂಪ ಬದಲಾಗಿ ಮುಖದಲ್ಲಿ ನೀಲಿ-ಬೂದು ಮಚ್ಚೆ ಮೂಡುತ್ತದೆ. ತುಟಿಯ ಗೆರೆ, ಹುಬ್ಬು ತೀಡುವ ಅಲಂಕಾರದ ಹಚ್ಚೆಯೂ ಹೀಗೆಯೇ ಮೋಸಮಾಡಬಲ್ಲದು. ಚರ್ಮದ ಬಣ್ಣದ, ಬಿಳಿಯ, ನಸುಗೆಂಪಿನ ಶಾಯಿಗಳಲ್ಲಿರುವ ಟೈಟಾನಿಯಂ ಮತ್ತು ಕಬ್ಬಿಣದ ಆಕ್ಸೈಡ್‌ಗಳು ಲೇಸರ್ ತಗಲಿದೊಡನೆ ಕಪ್ಪಾಗುತ್ತವೆ. ಕಾಣದ ಜಾಗದಲ್ಲಿ ಒಂದು ಚುಕ್ಕೆಯಷ್ಟು ಪರೀಕ್ಷಿಸಿ ನೋಡುವುದು ಇದಕ್ಕಿರುವ ಸರಳ ಮುನ್ನೆಚ್ಚರಿಕೆ. ಫಿಲ್ಲರನ್ನು ತೀರ ಮೇಲ್ಪದರಕ್ಕೆ ಚುಚ್ಚಿದಾಗ, ಮುಖ್ಯವಾಗಿ ಕಣ್ಣಿನಡಿಯಲ್ಲಿ, ಕಾಣುವ ನೀಲಿಛಾಯೆ ಮಾತ್ರ ಬಣ್ಣದ್ದಲ್ಲ, ಜೆಲ್ ಬೆಳಕನ್ನು ಚದುರಿಸುವುದರಿಂದ ಆದದ್ದು. ಹಯಲುರಾನಿಡೇಸ್ ಹಾಕಿದರೆ ಅದು ಹೋಗುತ್ತದೆ.

ಕೂದಲು ತೆಗೆಯುವ ಲೇಸರಿನಿಂದ ಕೂದಲು ಹೆಚ್ಚುವುದು ಎಲ್ಲಕ್ಕಿಂತ ವಿಚಿತ್ರ. ಗಲ್ಲ, ಕೆನ್ನೆಯ ಪಕ್ಕ, ಕತ್ತುಗಳಲ್ಲಿ ಚಿಕಿತ್ಸೆ ಮಾಡಿದ ಜಾಗದ ಅಂಚಿನಲ್ಲಿ ನವಿರು ಕೂದಲು ದಪ್ಪ ಕಪ್ಪು ಕೂದಲಾಗಿ ಬೆಳೆಯುತ್ತದೆ. ಬೇರನ್ನು ಕೊಲ್ಲಲು ಸಾಲದ ಶಾಖ ಅದನ್ನು ಪ್ರಚೋದಿಸುತ್ತದೆ ಎಂಬುದು ಹೆಚ್ಚಾಗಿ ಒಪ್ಪಿತವಾದ ವಿವರಣೆ. ದಕ್ಷಿಣ ಏಷ್ಯಾ, ಮಧ್ಯಪ್ರಾಚ್ಯ ಮೂಲದ ಮಹಿಳೆಯರಲ್ಲಿ, ಪಿಸಿಒಎಸ್‌ನಂಥ ಹಾರ್ಮೋನಿನ ಏರುಪೇರು ಇರುವವರಲ್ಲಿ ಇದು ಹೆಚ್ಚು. ಮುಖಕ್ಕೆ ಲೇಸರ್ ಮಾಡುವ ಮೊದಲು ಹಾರ್ಮೋನ್ ಸಮಸ್ಯೆ ಇದೆಯೇ ಎಂದು ವಿಚಾರಿಸುವ ರೂಢಿಗೆ ಇದೂ ಒಂದು ಕಾರಣ.

ಗಾಯದ ಗೆರೆಯಲ್ಲೇ ಹುಟ್ಟುವ ರೋಗ

ಜರ್ಮನಿಯ ಚರ್ಮವೈದ್ಯ ಹೈನ್ರಿಕ್ ಕೊಬ್ನರ್ 1870ರ ದಶಕದಲ್ಲಿ ಒಂದು ವಿಷಯ ಗಮನಿಸಿದ: ಸೋರಿಯಾಸಿಸ್ ಇರುವವರ ಆರೋಗ್ಯವಂತ ಚರ್ಮಕ್ಕೆ ಗಾಯವಾದರೆ ಅದೇ ಜಾಗದಲ್ಲಿ ಹೊಸ ಸೋರಿಯಾಸಿಸ್ ಹುಟ್ಟುತ್ತದೆ. ತೊನ್ನು, ಲೈಕೆನ್ ಪ್ಲೇನಸ್ ಮುಂತಾದ ರೋಗಗಳಲ್ಲೂ ಇದು ಕಂಡುಬರುತ್ತದೆ. ಪೀಲ್, ಲೇಸರ್, ಮೈಕ್ರೋನೀಡ್ಲಿಂಗ್, ಕೊನೆಗೆ ಹುಬ್ಬಿನ ಥ್ರೆಡಿಂಗ್‌ನಂಥ ಸಣ್ಣ ಉಜ್ಜುವಿಕೆಯೂ ಅಂಥ ಗಾಯವಾಗಬಲ್ಲದು. ತುಟಿಯ ಮೇಲೆ, ಹುಬ್ಬಿನ ಸುತ್ತ ದಾರ ಓಡಿದ ಗೆರೆಯಲ್ಲೇ ತೊನ್ನಿನ ಬಿಳುಪು ಮೂಡಿದ ಪ್ರಕರಣಗಳಿವೆ. ಅದೇ ಗೆರೆಯಲ್ಲಿ ನರಹುಲಿಗಳು ಸಾಲುಗಟ್ಟಿದರೆ ಕಾರಣ ಬೇರೆ: ಅಲ್ಲಿ ವೈರಾಣುವೇ ಒಂದೆಡೆಯಿಂದ ಇನ್ನೊಂದೆಡೆಗೆ, ಕೆಲವೊಮ್ಮೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿರುತ್ತದೆ.

ಸಾರ್ಕಾಯ್ಡೋಸಿಸ್ ಎಂಬ ರೋಗ ಇರುವವರಲ್ಲಿ ಹಚ್ಚೆ, ಹಳೆಯ ಗಾಯದ ಕಲೆ ಮತ್ತು ಫಿಲ್ಲರ್ ಇರುವ ಜಾಗಗಳನ್ನೇ ಆರಿಸಿಕೊಂಡು ಗಂಟುಗಳು ಏಳುತ್ತವೆ. ಶ್ವಾಸಕೋಶಗಳಿಗೂ ತಗಲುವ ಈ ರೋಗದ ಮೊದಲ ಸುಳಿವು ಕೆಲವೊಮ್ಮೆ ಸಿಗುವುದೇ ಅಲ್ಲಿ. ಕೆಲಾಯ್ಡ್ ಬೆಳೆಯುವ ಒಲವಿರುವವರಿಗೆ, ಅದರಲ್ಲೂ ದವಡೆಯ ಅಂಚು ಮತ್ತು ಕತ್ತಿನಲ್ಲಿ, ಆಳದ ಚಿಕಿತ್ಸೆಯ ಗಾಯ ಉಬ್ಬುಕಲೆಯಾಗಿ ಬೆಳೆಯಬಹುದು.

ವರ್ಷಗಳ ನಂತರ

ಮುಖ ತುಂಬುವ ಪ್ರಯತ್ನ ಹೊಸದಲ್ಲ. ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ 19ನೇ ಶತಮಾನದ ಕೊನೆಯಲ್ಲಿ ಪ್ಯಾರಾಫಿನ್ ಚುಚ್ಚುವ ವಿಧಾನವನ್ನು ಜನಪ್ರಿಯಗೊಳಿಸಿದ. ಯುರೋಪಿನ ಸುಂದರಿಯೆಂದು ಹೆಸರಾಗಿದ್ದ, ಮುಂದೆ ಮಾರ್ಲ್‌ಬರೋದ ಡಚೆಸ್ ಆದ ಗ್ಲ್ಯಾಡಿಸ್ ಡೀಕನ್ ಇಪ್ಪತ್ತರ ಹರೆಯದಲ್ಲಿ ಮೂಗು ನೇರವಾಗಲೆಂದು ಪ್ಯಾರಾಫಿನ್ ಹಾಕಿಸಿಕೊಂಡಳು. ಅದು ಜಾರಿ ಕೆಳಗಿಳಿದು ಮುಖ ವಿಕಾರವಾಯಿತು. ಪ್ಯಾರಾಫಿನ್ ಸುತ್ತ ಗಂಟುಗಳೇಳುವುದು ಗೊತ್ತಾಗಿ ಆ ವಿಧಾನವನ್ನು ಕೈಬಿಡಲಾಯಿತು. ನಂತರ ಬಂದ ದ್ರವ ಸಿಲಿಕೋನ್ ಕೂಡ ಹತ್ತಿಪ್ಪತ್ತು ವರ್ಷಗಳ ಮೇಲೆ ಅದೇ ಕಥೆ ಹೇಳಿತು.

ಕರಗದ ವಸ್ತು ಚರ್ಮದಲ್ಲಿ ಉಳಿದಾಗ ಬೃಹದ್ಭಕ್ಷಕ ಎಂಬ ಬಿಳಿಕಣಗಳು ಅದನ್ನು ನುಂಗಲಾರದೆ, ಒಂದಕ್ಕೊಂದು ಬೆಸೆದು ಸುತ್ತುವರಿದು ನಿಲ್ಲುತ್ತವೆ. ಹೀಗೆ ಹುಟ್ಟುವ ಗ್ರ್ಯಾನುಲೋಮ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುವಂತಿರುತ್ತದೆ. ಹಯಲುರಾನಿಕ್ ಆಮ್ಲದಲ್ಲಿ ಇದು ತೀರ ವಿರಳ. ಆದರೆ ಜ್ವರ, ಹಲ್ಲಿನ ಚಿಕಿತ್ಸೆ, ಲಸಿಕೆಗಳಿಂದ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತಾಗ ಸುಮ್ಮನಿದ್ದ ಫಿಲ್ಲರ್ ಕೂಡ ಊದಿಕೊಳ್ಳಬಹುದು. 2020ರ ಡಿಸೆಂಬರ್‌ನಲ್ಲಿ ಮಾಡರ್ನಾ ಕೋವಿಡ್ ಲಸಿಕೆಯ ಪ್ರಯೋಗದ ಮಾಹಿತಿ ಪರಿಶೀಲಿಸಿದ ಎಫ್‌ಡಿಎ, ಹಿಂದೆ ಫಿಲ್ಲರ್ ಹಾಕಿಸಿಕೊಂಡಿದ್ದ ಮೂವರಿಗೆ ಮುಖ ಅಥವಾ ತುಟಿ ಊದಿದ್ದನ್ನು ದಾಖಲಿಸಿತು. ಅದು ಇಳಿಯುವಂಥ ಊತವೇ ಆಗಿತ್ತು. ಗಂಟಿನಲ್ಲಿ ಸೋಂಕಿಲ್ಲವೆಂದು ಖಚಿತವಾದ ಮೇಲೆ ಸ್ಟೀರಾಯ್ಡ್ ಚುಚ್ಚುತ್ತಾರೆ. ಸೋಂಕಿದ್ದೂ ಸ್ಟೀರಾಯ್ಡ್ ಕೊಟ್ಟರೆ ರೋಗಾಣು ಬಲಿಯುತ್ತದೆ.

ಮೊದಲೇ ಕೇಳಬೇಕಾದ ಪ್ರಶ್ನೆಗಳು

ಮೇಲಿನ ತೊಡಕುಗಳಲ್ಲಿ ಹಲವನ್ನು ತಡೆಯುವುದು ಚಿಕಿತ್ಸೆಗೆ ಮೊದಲಿನ ವಿಚಾರಣೆ. ತುಟಿಗುಳ್ಳೆ ಆಗಾಗ ಬರುತ್ತದೆಯೇ, ತೊನ್ನು ಅಥವಾ ಸೋರಿಯಾಸಿಸ್ ತನಗೋ ಮನೆಯವರಿಗೋ ಇದೆಯೇ, ಗಾಯಗಳು ಉಬ್ಬುತ್ತವೆಯೇ, ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗಲಾಗಿದೆಯೇ, ಯಾವ ಮುಲಾಮು ಹಚ್ಚಲಾಗುತ್ತಿದೆ, ಹಿಂದೆ ಯಾವ ಫಿಲ್ಲರ್ ಯಾವಾಗ ಹಾಕಿಸಲಾಗಿದೆ ಎಂಬುದನ್ನೆಲ್ಲ ವೈದ್ಯರು ಕೇಳಿ ಬರೆದುಕೊಳ್ಳಬೇಕು. ಹೆಸರಿಲ್ಲದ ‘ಫೇರ್‌ನೆಸ್ ಕ್ರೀಮ್’ ಬಳಕೆಯನ್ನು ಮುಚ್ಚಿಟ್ಟರೆ ನಷ್ಟ ಚಿಕಿತ್ಸೆ ಪಡೆಯುವವರದೇ.

ಚಿಕಿತ್ಸೆ ಮಾಡುವವರ ಅರ್ಹತೆಯೂ ಅಷ್ಟೇ ಮುಖ್ಯ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಸೌಂದರ್ಯ ಚಿಕಿತ್ಸೆ ಮತ್ತು ಕೂದಲು ನಾಟಿಯನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ಹೇಳಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗದು ಎಂದು ಸ್ಪಷ್ಟಪಡಿಸಿತು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ಫಿಲ್ಲರ್ ಚುಚ್ಚುವ ಕೋಣೆಯಲ್ಲಿ ಹಯಲುರಾನಿಡೇಸ್ ಸಿದ್ಧವಿದೆಯೇ ಎಂಬ ಒಂದೇ ಪ್ರಶ್ನೆ ಆ ಕ್ಲಿನಿಕ್‌ನ ತಯಾರಿ ಎಷ್ಟೆಂಬುದನ್ನು ತಿಳಿಸುತ್ತದೆ.

ಚುಚ್ಚಿದ ವಸ್ತುವಿನ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ, ಪ್ರಮಾಣ, ಜಾಗ ಇವುಗಳ ಲಿಖಿತ ವಿವರ ಚಿಕಿತ್ಸೆ ಪಡೆದವರ ಬಳಿ ಇರಬೇಕು. ಪೆಟ್ಟಿಗೆಯ ಮೇಲಿನ ಅಂಟುಚೀಟಿಯನ್ನು ಕಡತಕ್ಕೆ ಅಂಟಿಸಿ ಪ್ರತಿ ಕೊಡುವ ಪದ್ಧತಿ ಹಲವೆಡೆ ಇದೆ. ಚುಚ್ಚಿದ ಹೊತ್ತಿನಲ್ಲಿ ಕಣ್ಣು ಮಂಜಾದರೆ, ಚರ್ಮ ಬಿಳಿಚಿದರೆ ಆ ಗಂಟೆಯಲ್ಲೇ ಆಸ್ಪತ್ರೆ ಸೇರಬೇಕು. ತಿಂಗಳುಗಳ ಮೇಲೆ ಗಂಟೆದ್ದರೆ ಮುಲಾಮು ಹಚ್ಚುತ್ತ ಕಾಯದೆ ಚರ್ಮವೈದ್ಯರಿಂದ ಬಯಾಪ್ಸಿ ಮತ್ತು ಕಲ್ಚರ್ ಮಾಡಿಸಬೇಕು. ಉಪಕರಣ ಮತ್ತು ಫಿಲ್ಲರ್‌ಗಳಿಂದಾದ ತೊಂದರೆಗಳನ್ನು ದಾಖಲಿಸಲು ಭಾರತದಲ್ಲಿ 2015ರಿಂದ ಮೆಟೀರಿಯೋವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವಿದ್ದು, ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ಔಷಧಗಳ ಅಡ್ಡಪರಿಣಾಮ ತಿಳಿಸಲು ಅದೇ ಆಯೋಗದ ಉಚಿತ ಸಹಾಯವಾಣಿ 1800-180-3024. ಅಪರೂಪದ ತೊಡಕು ಎಷ್ಟು ಅಪರೂಪ ಎಂಬ ಲೆಕ್ಕ ಹೊರಬೀಳುವುದು ಇಂಥ ದಾಖಲೆಗಳು ಕೂಡಿದಾಗಲೇ.